ಶಿಷ್ಯತ್ವದ ಬಿಲ್ಲು ಯಾರ ಹೆಸರಿಗೆ?

ದೀಕ್ಷಾಸ್ನಾನಕ್ಕೆ (ಕ್ರೈಸ್ತ ಸಭೆಗೆ ಸೇರುವಾಗ ಆಗುವ ನೀರಿನ ಸಂಸ್ಕಾರ) ಮುಂಚೆ ನಾನು ನಡೆಸುವ ತರಗತಿಯಲ್ಲಿ ನಾಲ್ಕನೇ ವಾರ ಪಾಠ ಇರುವುದಿಲ್ಲ. ಎಲ್ಲರಿಗೂ ಒಂದೊಂದು ಖಾಲಿ ಹಾಳೆ ಕೊಡುತ್ತೇನೆ. ಪ್ರಶ್ನೆ ಒಂದೇ: ಯೇಸುವನ್ನು ಹಿಂಬಾಲಿಸಿದರೆ ನಿಮಗೆ ಏನೇನು ನಷ್ಟ ಆಗುತ್ತದೆ? ಲಾಭದ ಪಟ್ಟಿ ಬೇಡ, ಅದನ್ನು ಮೂರು ವಾರದಿಂದ ಹಾಡಿಕೊಂಡೇ ಬಂದಿದ್ದೇವೆ. ನಷ್ಟ ಮಾತ್ರ ಬರೆಯಿರಿ. ಅರ್ಧ ಗಂಟೆ ಟೈಮ್.

ಹಾಳೆಗಳು ವಾಪಸ್ ಬಂದಾಗ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ಪ್ರಾಣ ಕೊಡಬೇಕಾಗಿ ಬಂದರೂ ಸಿದ್ಧ." "ಎಲ್ಲರೂ ಕೈಬಿಟ್ಟರೂ ನಾನು ಕರ್ತನನ್ನು ಬಿಡುವುದಿಲ್ಲ." ಯೇಸುವಿನ ಶಿಷ್ಯ ಪೇತ್ರನೂ ಹೀಗೇ ಹೇಳಿದ್ದ, ಕೋಳಿ ಕೂಗುವುದಕ್ಕೆ ಮುಂಚೆ ಅವನು ನನಗೆ ಗೊತ್ತೇ ಇಲ್ಲ ಅಂದುಬಿಟ್ಟ. ಇವರು ಸುಳ್ಳು ಬರೆಯುತ್ತಾರೆ ಅಂತ ಅಲ್ಲ, ಮನಸಾರೆ ಬರೆಯುತ್ತಾರೆ. ಆದರೆ ಯಾರೂ ಬಂದು ಪ್ರಾಣ ಕೇಳದೆ ಇರುವ ಸಂಜೆಯಲ್ಲಿ ಪ್ರಾಣ ಕೊಡುತ್ತೇನೆ ಅನ್ನುವುದು ಸುಲಭ, ನಾಳೆ ಬೆಳಿಗ್ಗೆ ಆಫೀಸಿನಲ್ಲಿ ಸುಳ್ಳು ಬಿಲ್ಲಿಗೆ ಸಹಿ ಹಾಕುವುದಿಲ್ಲ ಅಂತ ಬರೆಯುವುದು ಕಷ್ಟ.

ಒಂದು ಸಲ ಒಬ್ಬರು ಏನೂ ಬರೆಯಲಿಲ್ಲ. ವಯಸ್ಸು ಐವತ್ತರ ಹತ್ತಿರ. ಅಣ್ಣನ ಜೊತೆ ಪಾಲುದಾರಿಕೆಯಲ್ಲಿ ವ್ಯಾಪಾರ. (ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.) ಅರ್ಧ ಗಂಟೆಯೂ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು, ಅಷ್ಟೇ. ಎಲ್ಲರೂ ಎದ್ದು ಹೋದ ಮೇಲೆ ನನ್ನ ಹತ್ತಿರ ಬಂದು ಖಾಲಿ ಹಾಳೆ ಕೊಟ್ಟರು. "ಅಯ್ಯನವರೇ, ಬರೆದರೆ ಒಂದೇ ಸಾಲು. ನನ್ನ ಹತ್ರ ಎರಡು ಲೆಕ್ಕದ ಪುಸ್ತಕ ಇವೆ. ಅಣ್ಣನಿಗೆ ತೋರಿಸೋದು ಒಂದು."

ಅಷ್ಟೂ ವರ್ಷಗಳಲ್ಲಿ ನನ್ನ ಕೈಗೆ ಬಂದ ಹಾಳೆಗಳಲ್ಲಿ ಸರಿಯಾಗಿ ತುಂಬಿದ್ದು ಆ ಖಾಲಿ ಹಾಳೆ ಒಂದೇ ಅಂತ ನನಗೆ ಈಗಲೂ ಅನ್ನಿಸುತ್ತದೆ. ಅವರ ಕಥೆಗೆ ಆಮೇಲೆ ಬರುತ್ತೇನೆ.

ಈ ನಾಲ್ಕನೇ ವಾರದ ಪದ್ಧತಿ ನನ್ನ ಸ್ವಂತ ಬುದ್ಧಿ ಅಲ್ಲ, ಸತ್ಯವೇದದಲ್ಲಿರುವ ಲೂಕನ ಸುವಾರ್ತೆಯ 14ನೇ ಅಧ್ಯಾಯದಿಂದ ಎತ್ತಿಕೊಂಡದ್ದು. ಯೇಸು ಯೆರೂಸಲೇಮಿನ ಕಡೆ ಹೊರಟಿದ್ದಾನೆ. ಅಲ್ಲಿ ಏನು ಕಾದಿದೆ ಅಂತ ಅವನಿಗೆ ಗೊತ್ತು, ಹಿಂದೆ ಬರುತ್ತಿರುವ ಜನರಿಗೆ ಗೊತ್ತಿಲ್ಲ. ಗುಂಪು ದೊಡ್ಡದಾಗುತ್ತಾ ಇದೆ. ಬೇರೆ ಯಾವ ನಾಯಕನಾದರೂ ಇದ್ದಿದ್ದರೆ ಇನ್ನಷ್ಟು ಜನರನ್ನು ಕರೆತನ್ನಿ ಅನ್ನುತ್ತಿದ್ದ. ಇವನು ತಿರುಗಿ ನಿಂತು ಗುಂಪು ಚದುರುವಂಥ ಮಾತು ಆಡುತ್ತಾನೆ. ಗೋಪುರ ಕಟ್ಟಬೇಕು ಅಂತ ಇರುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ? ಬರೀ ಅಸ್ತಿವಾರ ಹಾಕಿ ನಿಲ್ಲಿಸಿದರೆ ನೋಡಿದವರು ನಗುವುದಿಲ್ಲವೇ? ಹತ್ತು ಸಾವಿರ ಸೈನಿಕರು ಇರುವ ರಾಜ ಇಪ್ಪತ್ತು ಸಾವಿರ ಕಟ್ಟಿಕೊಂಡು ಬರುವವನ ಎದುರು ಹೋಗುವುದಕ್ಕೆ ಮುಂಚೆ ಕುಳಿತು ಯೋಚಿಸುವುದಿಲ್ಲವೇ?

ಇಲ್ಲಿ ಲೆಕ್ಕ ಹಾಕುವುದು ಅನ್ನುವುದಕ್ಕೆ ಮೂಲ ಗ್ರೀಕಿನಲ್ಲಿ ಇರುವ ಪದ ಕಲ್ಲುಹರಳು ಅನ್ನುವ ಪದದಿಂದ ಬಂದದ್ದು. ಹರಳುಗಳನ್ನು ಒಂದೊಂದಾಗಿ ಎಣಿಸಿ ಇಡುವ ಲೆಕ್ಕ. ಅಂದಾಜು ಅಲ್ಲ, ಆವೇಶವಂತೂ ಅಲ್ಲವೇ ಅಲ್ಲ. ಇನ್ನೊಂದು ವಿಷಯ ನನಗೆ ತುಂಬಾ ತಡವಾಗಿ ಕಣ್ಣಿಗೆ ಬಿತ್ತು. ಎರಡೂ ಸಾಮ್ಯಗಳಲ್ಲಿ "ಮೊದಲು ಕುಳಿತು" ಅನ್ನುವ ಮಾತು ಇದೆ. ನಮ್ಮ ಕೂಟಗಳನ್ನು ನೆನಪಿಸಿಕೊಳ್ಳಿ. ಸಂಗೀತ ಮೆಲ್ಲಗೆ ನುಡಿಯುತ್ತಿರುತ್ತದೆ, ಬೋಧಕರು ದನಿ ತಗ್ಗಿಸಿ "ತೀರ್ಮಾನ ಮಾಡಿದವರು ಎದ್ದು ನಿಲ್ಲಿ" ಅನ್ನುತ್ತಾರೆ. ನಾನೂ ಎಷ್ಟೋ ಸಲ ಅಂದಿದ್ದೇನೆ. ನಾವು ಎದ್ದು ನಿಲ್ಲಿ ಅನ್ನುತ್ತೇವೆ, ಯೇಸು ಮೊದಲು ಕೂತ್ಕೊಳ್ಳಿ ಅನ್ನುತ್ತಾನೆ.

ಇಷ್ಟು ಹೇಳಿದ ಕೂಡಲೇ ತರಗತಿಯಲ್ಲಿ ಯಾರಾದರೂ ಒಬ್ಬರು ಕೈ ಎತ್ತುತ್ತಾರೆ. ರಕ್ಷಣೆ ಪುಕ್ಕಟೆ ಅಲ್ವಾ ಅಯ್ಯನವರೇ, ಮತ್ತೆ ಬೆಲೆ ಎಲ್ಲಿಂದ ಬಂತು? ಒಳ್ಳೆಯ ಪ್ರಶ್ನೆ. ದೇವರ ಕ್ಷಮೆಯನ್ನು ದುಡ್ಡು ಕೊಟ್ಟೋ ಕಷ್ಟಪಟ್ಟೋ ಕೊಳ್ಳುವುದಕ್ಕೆ ಆಗುವುದಿಲ್ಲ, ನಿಜ. ಶಿಷ್ಯತ್ವದ ಬೆಲೆ ಪ್ರವೇಶ ಶುಲ್ಕ ಅಲ್ಲ. ಒಬ್ಬನ ಹಿಂದೆ ನಡೆಯಲು ಶುರುಮಾಡಿದ ಮೇಲೆ, ಅವನು ಹೋಗದ ಕಡೆ ನಾನು ಹೋಗುವುದಕ್ಕೆ ಆಗುವುದಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದದ್ದನ್ನೆಲ್ಲ ಹಿಡಿದುಕೊಂಡೇ ನಡೆಯುವುದಕ್ಕೂ ಆಗುವುದಿಲ್ಲ. ಹೊಲದಲ್ಲಿ ನಿಧಿ ಸಿಕ್ಕವನ ಸಾಮ್ಯದಲ್ಲಿ ಈ ಕ್ರಮ ಚೆನ್ನಾಗಿದೆ: ಅವನು ತನಗಾದ ಸಂತೋಷದಿಂದ ಹೋಗಿ ಇದ್ದಬದ್ದದ್ದೆಲ್ಲ ಮಾರಿದ. ಸಂತೋಷ ಮೊದಲು, ಮಾರಾಟ ಆಮೇಲೆ. ಈ ಕ್ರಮ ತಿರುವುಮುರುವು ಆದ ಸಭೆಗಳಲ್ಲಿ ಜನ ಮುಖ ಗಂಟುಹಾಕಿಕೊಂಡು ತ್ಯಾಗ ಮಾಡುತ್ತಿರುತ್ತಾರೆ. ಹತ್ತಿರ ಹೋಗುವುದಕ್ಕೇ ಭಯ ಆಗುತ್ತದೆ.

ಸರಿ, ಈಗ ಕಷ್ಟದ ಮಾತಿಗೆ ಬರೋಣ. ಅದೇ ಲೂಕ 14ರಲ್ಲಿ ತಂದೆ, ತಾಯಿ, ಹೆಂಡತಿ, ಮಕ್ಕಳು, ಅಣ್ಣತಮ್ಮಂದಿರು, ಅಕ್ಕತಂಗಿಯರು, ಕಡೆಗೆ ತನ್ನ ಪ್ರಾಣ, ಇಷ್ಟನ್ನೂ ಹಗೆ ಮಾಡದವನು ನನ್ನ ಶಿಷ್ಯನಾಗಲಾರ ಅಂತ ಇದೆ. ಹಗೆ! ಓದಿದವರಿಗೆ ಎದೆ ಧಸಕ್ ಅನ್ನುತ್ತದೆ. ಆ ಭಾಷೆಯ ಜಾಯಮಾನದಲ್ಲಿ ಇದು ಹೋಲಿಕೆಯ ಮಾತು. ಆದಿಕಾಂಡ 29ರಲ್ಲಿ ಯಾಕೋಬ ತನ್ನ ಇಬ್ಬರು ಹೆಂಡತಿಯರಲ್ಲಿ ಲೇಯಳಿಗಿಂತ ರಾಹೇಲಳನ್ನು ಜಾಸ್ತಿ ಪ್ರೀತಿಸಿದ ಅಂತ ಒಂದು ವಚನ ಹೇಳಿದರೆ, ಮುಂದಿನ ವಚನ ಅದನ್ನೇ ಲೇಯಳ ಮೇಲಿನ ಹಗೆ ಅನ್ನುತ್ತದೆ. ಮತ್ತಾಯ 10ರಲ್ಲಿ ಇದೇ ಉಪದೇಶ "ನನಗಿಂತ ಹೆಚ್ಚಾಗಿ ತಂದೆತಾಯಿಯನ್ನು ಪ್ರೀತಿಸುವವನು" ಅನ್ನುವ ರೂಪದಲ್ಲಿದೆ. ಅಂದರೆ ಮನೆಯವರ ಮೇಲೆ ಕೋಪ ಮಾಡಿಕೊಳ್ಳಿ ಅಂತ ಅಲ್ಲ. ಎರಡೂ ಕಡೆಯಿಂದ ಒಟ್ಟಿಗೆ ಕರೆ ಬಂದು, ಒಂದಕ್ಕೆ ಮಾತ್ರ ಹೂಂ ಅನ್ನಬಹುದಾದ ದಿನ ಬಂದರೆ, ಯಾವುದಕ್ಕೆ ಹೂಂ ಅನ್ನುತ್ತೀರಿ ಅಂತ.

ಇಷ್ಟು ವಿವರಿಸಿದ ಮೇಲೆ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ಆ ಮಾತಿನ ಹರಿತ ಹಾಗೇ ಉಳಿದಿದೆ. ಕ್ರಿ.ಶ. 203ರಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಪೆರ್ಪೆತುವಾ ಅನ್ನುವ ಹುಡುಗಿಯನ್ನು ಕ್ರೈಸ್ತಳು ಅನ್ನುವ ಕಾರಣಕ್ಕೆ ಸೆರೆಮನೆಗೆ ಹಾಕಿದರು. ವಯಸ್ಸು 22ರ ಸುಮಾರು. ಒಳ್ಳೆಯ ಮನೆತನ, ಓದಿದವಳು, ಕಂಕುಳಲ್ಲಿ ಮೊಲೆ ಬಿಡದ ಕೂಸು. ದೀಕ್ಷಾಸ್ನಾನಕ್ಕೆ ತಯಾರಾಗುತ್ತಿದ್ದವಳು, ನನ್ನ ತರಗತಿಯವರ ಹಾಗೆ. ಸೆರೆಮನೆಯಲ್ಲಿ ಅವಳು ಬರೆದುಕೊಂಡದ್ದು ಉಳಿದು ಬಂದಿದೆ. ಅದರಲ್ಲಿ ಅಖಾಡದಲ್ಲಿ ಅವಳಿಗಾಗಿ ಕಾದಿದ್ದ ಕಾಡುಮೃಗಗಳಿಗಿಂತ ಹೆಚ್ಚು ಜಾಗ ಅವಳ ಅಪ್ಪನಿಗೇ ಸಿಕ್ಕಿದೆ. ಅಪ್ಪ ಮತ್ತೆ ಮತ್ತೆ ಬರುತ್ತಾನೆ. ನನ್ನ ನರೆತ ಕೂದಲಿಗಾದರೂ ಕನಿಕರ ತೋರಿಸು ಅನ್ನುತ್ತಾನೆ. ಅವಳ ಕೈಗೆ ಮುತ್ತಿಡುತ್ತಾನೆ, ಕಾಲಿಗೆ ಬೀಳುತ್ತಾನೆ. ವಿಚಾರಣೆಯ ದಿನ ಕೂಸನ್ನು ಎತ್ತಿಕೊಂಡೇ ಬರುತ್ತಾನೆ. ಅವಳ ಮನಸ್ಸು ತಿರುಗಿಸಲು ಅಲ್ಲೇ ನಿಂತಿದ್ದಕ್ಕೆ ಅಧಿಕಾರಿ ಆ ಮುದುಕನನ್ನು ಕೋಲಿನಿಂದ ಹೊಡೆಸುತ್ತಾನೆ. ಆ ಏಟು ತನಗೇ ಬಿದ್ದ ಹಾಗೆ ನೋವಾಯಿತು, ಅವನ ಮುಪ್ಪನ್ನು ನೋಡಿ ಸಂಕಟವಾಯಿತು ಅಂತ ಅವಳು ಬರೆಯುತ್ತಾಳೆ.

ಈ ಭಾಗವನ್ನು ನಾನು ಬಿಟ್ಟು ಬಿಟ್ಟು ಎಷ್ಟೋ ಸಲ ಓದಿದ್ದೇನೆ. ಅವಳು ಹೂಂ ಅಂದದ್ದಕ್ಕೆ ಅವಳು ಮಾತ್ರ ಬೆಲೆ ಕೊಡಲಿಲ್ಲ. ಅಪ್ಪ ಕೊಟ್ಟ, ಕೂಸು ಕೊಟ್ಟಿತು. ಅದನ್ನು ಅವಳು ಮುಚ್ಚಿಡಲಿಲ್ಲ. ಅಪ್ಪನಿಗೆ ಬಿದ್ದ ಏಟನ್ನು ತನ್ನ ಸಾಕ್ಷಿಯ ಲೆಕ್ಕಕ್ಕೆ ಸೇರಿಸಿಕೊಳ್ಳಲೂ ಇಲ್ಲ. ಅದು ನೋವು ಅಂತಲೇ ಬರೆದಳು.

ನಾನು ಹಾಗೆ ಮಾಡಲಿಲ್ಲ. ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಅಂಕಣ ಬರೆಯುವುದಕ್ಕೆ ನನಗೆ ಹಕ್ಕಿಲ್ಲ. ನನ್ನ ತಂದೆ ಕಡೆಯ ಸಲ ಆಸ್ಪತ್ರೆ ಸೇರಿದಾಗ ನನಗೆ ಬೇರೆ ಊರಿನಲ್ಲಿ ಮೂರು ದಿನದ ಕೂಟ ಒಪ್ಪಿಕೊಂಡಾಗಿತ್ತು. ಹೋದೆ. ಬೇರೆಯವರು ಆ ಕೂಟ ನಡೆಸಬಹುದಿತ್ತು, ಅದು ನನಗೆ ಗೊತ್ತಿತ್ತು, ಆದರೂ ಹೋದೆ. ಎರಡನೇ ದಿನ ವೇದಿಕೆಯ ಮೇಲೆ ಲೂಕ 9ನೇ ಅಧ್ಯಾಯ ತೆಗೆದುಕೊಂಡೆ, "ಮೊದಲು ನನ್ನ ತಂದೆಯನ್ನು ಹೂಣಿಟ್ಟು ಬರುತ್ತೇನೆ" ಅಂದವನ ಮಾತಿಗೆ ಯೇಸು ಒಪ್ಪದ ಭಾಗ. ನನ್ನ ಅಪ್ಪ ಹಾಸಿಗೆ ಹಿಡಿದಿದ್ದರೂ ಕರ್ತನ ಕೆಲಸಕ್ಕೆ ಬಂದಿದ್ದೇನೆ ಅಂತ ಸಾಕ್ಷಿ ಹೇಳಿದೆ. ಜನ ಅತ್ತರು. ನಾನೂ ಅತ್ತೆ. ಕೆಲವು ವಾರ ಕಳೆದ ಮೇಲೆ, ಅಪ್ಪ ಹೋದ ಮೇಲೆ, ನನ್ನ ತಂಗಿ ಆ ಪ್ರಸಂಗದ ರೆಕಾರ್ಡಿಂಗ್ ಕೇಳಿದಳು. ಜಗಳ ಆಡಲಿಲ್ಲ. ಬಟ್ಟೆ ಮಡಿಸುತ್ತಾ ಹೇಳಿದಳು, "ಅಣ್ಣಾ, ಬಿಟ್ಟು ಹೋಗಿದ್ದು ನೀನು. ರಾತ್ರಿಯೆಲ್ಲ ಕೂತಿದ್ದು ನಾನು. ಸಾಕ್ಷಿ ಮಾತ್ರ ನಿಂದಾಯ್ತು."

ಅವತ್ತಿನಿಂದ ನನ್ನ ತಲೆಯಲ್ಲಿ ಈ ಪ್ರಶ್ನೆ ಉಳಿದುಬಿಟ್ಟಿದೆ. ಶಿಷ್ಯತ್ವಕ್ಕೆ ಬೆಲೆ ಇದೆ, ಸರಿ. ಆ ಬಿಲ್ಲು ಯಾರ ಹೆಸರಿಗೆ ಹೋಗುತ್ತಿದೆ?

ಯೇಸುವಿಗೆ ಈ ಮೋಸ ಚೆನ್ನಾಗಿ ಗೊತ್ತಿತ್ತು. ಮಾರ್ಕ 7ರಲ್ಲಿ ಕೊರ್ಬಾನ್ ಮಾತು ಬರುತ್ತದೆ. ತಂದೆತಾಯಿಗೆ ಕೊಡಬೇಕಾದದ್ದನ್ನು "ಇದು ದೇವರಿಗೆ ಮೀಸಲು" ಅಂತ ಹೇಳಿಬಿಟ್ಟರೆ ಮುಗಿಯಿತು, ಆಮೇಲೆ ಅವರಿಗೆ ಏನೂ ಮಾಡಬೇಕಾಗಿಲ್ಲ. ನೋಡಿದವರಿಗೆ ದೊಡ್ಡ ಭಕ್ತಿ. ಆ ಭಕ್ತಿಯ ಖರ್ಚು ಮುದುಕ ಅಪ್ಪ, ಮುದುಕಿ ಅಮ್ಮನ ಮೇಲೆ. ನೀವು ನಿಮ್ಮ ಸಂಪ್ರದಾಯದಿಂದ ದೇವರ ಮಾತನ್ನೇ ರದ್ದು ಮಾಡುತ್ತಿದ್ದೀರಿ ಅಂತ ಯೇಸು ಮುಖಕ್ಕೆ ಹೊಡೆದ ಹಾಗೆ ಹೇಳಿದ. ತಂದೆತಾಯಿಗಿಂತ ನನ್ನನ್ನು ಹೆಚ್ಚು ಪ್ರೀತಿಸಬೇಕು ಅಂದವನೇ ಇದನ್ನೂ ಹೇಳಿದ್ದು. ಶಿಲುಬೆಯ ಮೇಲೆ ಉಸಿರು ಹೋಗುತ್ತಿರುವಾಗ ತನ್ನ ತಾಯಿಯನ್ನು ನೋಡಿಕೊಳ್ಳುವ ಜವಾಬ್ದಾರಿಯನ್ನು ಪ್ರಿಯ ಶಿಷ್ಯನಿಗೆ ಒಪ್ಪಿಸಿದವನೂ ಅವನೇ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳದೆ ಒಂದನ್ನೇ ಹಿಡಿದರೆ ಮನುಷ್ಯ ಒಂದೋ ಹೇಡಿ ಆಗುತ್ತಾನೆ, ಇಲ್ಲಾ ಕಲ್ಲೆದೆಯವನಾಗುತ್ತಾನೆ. ಎರಡೂ ಥರದವರನ್ನು ನೋಡಿದ್ದೇನೆ. ಎರಡನೆಯವರು ಸಭೆಯಲ್ಲಿ ಬೇಗ ಮೇಲೆ ಬರುತ್ತಾರೆ, ಅದೇ ತೊಂದರೆ.

ಬಿಲ್ಲು ತಪ್ಪು ಹೆಸರಿಗೆ ಹೋಗುವುದರಲ್ಲಿ ಅತಿ ಕೆಟ್ಟದ್ದು ಶಿಲುಬೆಯ ಮಾತಿನಲ್ಲಿ. "ನನ್ನ ಶಿಲುಬೆ ಅಯ್ಯನವರೇ, ಹೊರಬೇಕು ಅಲ್ವಾ" ಅಂತ ಜನ ಯಾವುದಕ್ಕೆಲ್ಲ ಹೇಳುತ್ತಾರೆ ಅಂತ ಪಟ್ಟಿ ಮಾಡಿದರೆ ಸಕ್ಕರೆ ಕಾಯಿಲೆಯಿಂದ ಹಿಡಿದು ಗಂಡನ ಹೊಡೆತದವರೆಗೆ ಬರುತ್ತದೆ. ರೋಮನ್ನರ ಕಾಲದಲ್ಲಿ ಶಿಲುಬೆ ಅಂದರೆ ಮನೆಯ ತಾಪತ್ರಯಕ್ಕೆ ಇನ್ನೊಂದು ಹೆಸರಲ್ಲ. ಅದು ಸರ್ಕಾರ ಗುಲಾಮರಿಗೂ ದಂಗೆಕೋರರಿಗೂ ಕೊಡುತ್ತಿದ್ದ ಸಾವು. ಮರ ಹೊತ್ತು ಬೀದಿಯಲ್ಲಿ ಹೋಗುತ್ತಿರುವವನನ್ನು ನೋಡಿದರೆ, ಇವನು ಸಂಜೆ ಮನೆಗೆ ವಾಪಸ್ ಬರುವವನಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು. ಯೇಸು ಅದನ್ನು "ಎತ್ತಿಕೊಳ್ಳಿ" ಅಂದ. ಎತ್ತಿಕೊಳ್ಳುವುದು ಅಂದರೆ ಬಿಡುವುದಕ್ಕೂ ಅವಕಾಶ ಇದೆ ಅಂತ. ಅವನ ಹಿಂದೆ ಹೋಗದೆ ಇದ್ದರೆ ಬರುತ್ತಿರಲಿಲ್ಲ, ಹೋದದ್ದರಿಂದ ಬಂತು, ಬೇಕಾದರೆ ಈಗಲೂ ಕೆಳಗೆ ಹಾಕಿ ಹೋಗಬಹುದು, ಆದರೂ ಹೊತ್ತಿದ್ದೇನೆ: ಅದು ಶಿಲುಬೆ. ಕುಡಿದು ಬಂದು ಹೊಡೆಯುವವನ ಕೈಯಡಿ ಸಿಕ್ಕಿಹಾಕಿಕೊಂಡಿರುವುದು ಶಿಲುಬೆ ಅಲ್ಲ. ಅದು ಅವನ ಪಾಪ. ಅವನ ಪಾಪದ ಬಿಲ್ಲನ್ನು ಅವಳ ಹೆಸರಿಗೆ ಬರೆದು, ಮೇಲೆ ಸತ್ಯವೇದದ ವಚನ ಒಂದನ್ನು ಅಂಟಿಸಿ ಕಳಿಸುವ ಬೋಧಕರು ಇದ್ದಾರೆ. ಅಂಥ ಹೆಂಗಸರು ನನ್ನ ಹತ್ತಿರ ಬಂದರೆ ಮೊದಲು ನೀವೂ ಮಕ್ಕಳೂ ಸುರಕ್ಷಿತ ಜಾಗಕ್ಕೆ ಹೋಗಿ, ಪೊಲೀಸರಿಗೆ ಹೇಳಬೇಕಾದರೆ ನಾನೇ ಜೊತೆಗೆ ಬರುತ್ತೇನೆ, ಪ್ರಾರ್ಥನೆ ಅಲ್ಲಿಂದ ಮುಂದೆ ಮಾಡೋಣ ಅನ್ನುತ್ತೇನೆ. ಇದಕ್ಕೆ ನನ್ನ ಮೇಲೆ ದೂರು ಹೋಗಿದೆ. ಹೋಗಲಿ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಇದರಲ್ಲಿ ಗೊಂದಲ ಏನೂ ಇಲ್ಲ. ಮಾರ್ಕ 10ರ ಐಶ್ವರ್ಯವಂತನಿಗೆ ಯೇಸು ನಿನಗಿರುವುದನ್ನೆಲ್ಲ ಮಾರು ಅಂದ. ಮಾರಿ ಯಾರಿಗೆ ಕೊಡು ಅಂದ? ಬಡವರಿಗೆ. ನನಗೆ ಅನ್ನಲಿಲ್ಲ, ನನ್ನ ಸೇವೆಗೆ ಅನ್ನಲಿಲ್ಲ. ತ್ಯಾಗ ಮಾಡಿ ಅಂತ ಕೇಳುವವನ ಕೈಗೇ ಆ ತ್ಯಾಗದ ದುಡ್ಡು ಬಂದು ಸೇರುವಂತಿದ್ದರೆ ಸ್ವಲ್ಪ ನಿಂತು ಯೋಚಿಸಿ. ಇನ್ನೊಂದು: ಅವನು ಮುಖ ಸಪ್ಪೆ ಮಾಡಿಕೊಂಡು ಹೊರಟಾಗ ಯೇಸು ಹಿಂದೆ ಓಡಿ ಹೋಗಿ, ಸರಿ ಬಿಡು ಅರ್ಧ ಕೊಡು ಅನ್ನಲಿಲ್ಲ. ಅವನನ್ನು ನೋಡಿ ಪ್ರೀತಿಸಿದ ಅಂತ ಮಾರ್ಕ ಬರೆಯುತ್ತಾನೆ. ಪ್ರೀತಿಸಿದ, ನಿಜ ಹೇಳಿದ, ಹೋಗಲು ಬಿಟ್ಟ. ಸಂಖ್ಯೆ ಹೆಚ್ಚಿಸುವ ಹುಚ್ಚು ಹಿಡಿದ ನಮಗೆ ಮೂರನೆಯದು ಆಗುವುದೇ ಇಲ್ಲ.

ಹಳೆಯ ಸಭೆಗೆ ಅದು ಆಗುತ್ತಿತ್ತು. 3ನೇ ಶತಮಾನದ ಹೊತ್ತಿನ ಸಭಾ ಕಟ್ಟಳೆಗಳನ್ನು ಓದಿದರೆ ನನ್ನ ಎಂಟು ವಾರದ ತರಗತಿ ನೆನೆದು ನಾಚಿಕೆ ಆಗುತ್ತದೆ. ದೀಕ್ಷಾಸ್ನಾನ ಬೇಕು ಅಂದವರು ಸಾಮಾನ್ಯವಾಗಿ ಮೂರು ವರ್ಷ ಉಪದೇಶ ಕೇಳಬೇಕಿತ್ತು. ಸೇರುವ ಮೊದಲೇ ಕಸುಬು ಏನು ಅಂತ ವಿಚಾರಿಸುತ್ತಿದ್ದರು. ವೇಶ್ಯಾಗೃಹ ನಡೆಸುವವನೋ, ಅಖಾಡದಲ್ಲಿ ಜನರ ಮೋಜಿಗೆ ಕತ್ತಿ ಹಿಡಿದು ಕಾದಾಡುವವನೋ ಆಗಿದ್ದರೆ, ಕಸುಬು ಬಿಡು, ಇಲ್ಲಾ ವಾಪಸ್ ಹೋಗು. ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರ ವಿಷಯದಲ್ಲಿ ಮಾತ್ರ ಸ್ವಲ್ಪ ಮೆತ್ತಗಾಗಿದ್ದಾರೆ. ಆ ಕಾಲದ ಪಾಠದಲ್ಲಿ ದೇವದೇವತೆಗಳ ಕಥೆಗಳೇ ತುಂಬಿರುತ್ತಿದ್ದವು, ಹಾಗಾಗಿ ಬಿಟ್ಟರೆ ಒಳ್ಳೆಯದು, ಆದರೆ ಬೇರೆ ಕಸುಬು ಗೊತ್ತಿಲ್ಲದಿದ್ದರೆ ಇರಲಿ. ಓದುವಾಗ ನಗು ಬರುತ್ತದೆ, ಪಾಪ, ಆಗಲೂ ಮೇಷ್ಟ್ರುಗಳ ಮೇಲೆ ಕನಿಕರ ಇತ್ತು. ಕಡೆಗೆ ದೀಕ್ಷಾಸ್ನಾನದ ಹೊತ್ತಿಗೆ ಅವರನ್ನು ಕರೆತಂದವರಿಗೆ ಕೇಳುತ್ತಿದ್ದ ಪ್ರಶ್ನೆ ನೋಡಿ: ಇವರು ವಿಧವೆಯರನ್ನು ಗೌರವದಿಂದ ನೋಡಿಕೊಂಡರಾ? ಕಾಯಿಲೆಯವರನ್ನು ಹೋಗಿ ನೋಡಿದರಾ? ವಚನ ಎಷ್ಟು ಬಾಯಿಪಾಠ ಅಂತ ಅಲ್ಲ.

ಆ ಕಾಲದ ಒಂದು ಪತ್ರ ನನಗೆ ತುಂಬಾ ಇಷ್ಟ. ಕಾರ್ಥೇಜಿನ ಬಿಷಪ್ ಸಿಪ್ರಿಯಾನ, ಅದೇ ಶತಮಾನದ ನಡುಭಾಗ. ಇನ್ನೊಂದು ಊರಿನ ಬಿಷಪ್ ಅವನಿಗೆ ಒಂದು ಸಮಸ್ಯೆ ಬರೆದು ಕೇಳಿದ. ನಮ್ಮಲ್ಲೊಬ್ಬ ನಟ ಕ್ರೈಸ್ತನಾಗಿದ್ದಾನೆ, ರಂಗ ಬಿಟ್ಟಿದ್ದಾನೆ, ಆದರೆ ಹೊಟ್ಟೆಪಾಡಿಗೆ ಹುಡುಗರಿಗೆ ಅದೇ ನಟನೆ ಕಲಿಸುತ್ತಿದ್ದಾನೆ, ಏನು ಮಾಡಲಿ? ಆ ಕಾಲದ ರಂಗಭೂಮಿಯನ್ನು ಸಭೆ ಒಪ್ಪುತ್ತಿರಲಿಲ್ಲ. ಕಲಿಸುವುದನ್ನೂ ಬಿಡಬೇಕು ಅಂತ ಸಿಪ್ರಿಯಾನ ಖಡಾಖಂಡಿತವಾಗಿ ಬರೆದ. ನಮ್ಮಲ್ಲಿ ಹೆಚ್ಚಿನವರು ಇಲ್ಲಿಗೆ ಪತ್ರ ಮುಗಿಸಿ ಸಹಿ ಹಾಕುತ್ತಿದ್ದೆವು. ಅವನು ಮುಂದಕ್ಕೆ ಬರೆದ: ಅವನಿಗೆ ಬಡತನ ಅಂತಾದರೆ ಸಭೆ ಬೇರೆಯವರನ್ನು ಸಾಕುವ ಹಾಗೆ ಅವನನ್ನೂ ಸಾಕಲಿ. ನಿಮ್ಮ ಸಭೆಗೆ ಅಷ್ಟು ಶಕ್ತಿ ಇಲ್ಲದಿದ್ದರೆ ನಮ್ಮಲ್ಲಿಗೆ ಕಳಿಸಿ, ಊಟ ಬಟ್ಟೆ ಇಲ್ಲಿ ಸಿಗುತ್ತದೆ.

ಬಿಡು ಅಂದ ಬಾಯಿ ಒಂದೇ ಅಲ್ಲ, ಕೈಯೂ ಜೇಬಿಗೆ ಹೋಯಿತು. ಲಂಚದ ಕೆಲಸ ಬಿಡು ಅಂತ ವೇದಿಕೆಯಿಂದ ಗುಡುಗುವ ನಾವು, ಬಿಟ್ಟು ಬಂದವನ ಮನೆ ಬಾಡಿಗೆಯ ಬಗ್ಗೆ ಎಷ್ಟು ಸಲ ವಿಚಾರಿಸಿದ್ದೇವೆ? ಎಲ್ಲ ಬಿಟ್ಟವರಿಗೆ ನೂರರಷ್ಟು ಸಿಗುತ್ತದೆ ಅನ್ನುವ ಮಾರ್ಕ 10ರ ಮಾತನ್ನು ಜನ ಲಾಟರಿಯ ಹಾಗೆ ಓದುತ್ತಾರೆ. ಅಲ್ಲಿ ಎಣಿಸಿರುವುದು ಮನೆ, ಅಣ್ಣತಮ್ಮ, ಅಕ್ಕತಂಗಿ, ತಾಯಿ, ಮಕ್ಕಳು, ಭೂಮಿ, ಜೊತೆಗೆ ಹಿಂಸೆ. "ಈಗಿನ ಕಾಲದಲ್ಲೇ" ಅಂತ ಬೇರೆ ಇದೆ. ನೂರು ಮನೆ ಎಲ್ಲಿಂದ ಬರುತ್ತದೆ? ಸಭೆಯವರು ತಮ್ಮ ಬಾಗಿಲು ತೆಗೆದರೆ ಬರುತ್ತದೆ. ಇಲ್ಲದಿದ್ದರೆ ಹಿಂಸೆ ಮಾತ್ರ ಹೇಳಿದ ಹಾಗೇ ಸಿಗುತ್ತದೆ.

ಸಿಪ್ರಿಯಾನನೇನೂ ಗಟ್ಟಿ ಕಲ್ಲಲ್ಲ. 250ರಲ್ಲಿ ಚಕ್ರವರ್ತಿ ಡೇಸಿಯನ ಆಜ್ಞೆ ಬಂದಾಗ, ಎಲ್ಲರೂ ದೇವತೆಗಳಿಗೆ ಬಲಿ ಕೊಟ್ಟು ಅದಕ್ಕೆ ಪ್ರಮಾಣಪತ್ರ ಪಡೆಯಬೇಕು ಅಂತ, ಅವನು ಊರು ಬಿಟ್ಟು ಅಡಗಿಕೊಂಡ. ಜನ ಆಡಿಕೊಂಡರು. ಎಷ್ಟೋ ಕ್ರೈಸ್ತರು ಬಲಿ ಕೊಟ್ಟರು. ಇನ್ನು ಕೆಲವರು ಬಲಿ ಕೊಡದೆ, ಅಧಿಕಾರಿಗಳಿಗೆ ದುಡ್ಡು ಕೊಟ್ಟು ಪತ್ರ ಮಾತ್ರ ಮಾಡಿಸಿಕೊಂಡರು. ಅಂಥ ಪ್ರಮಾಣಪತ್ರಗಳು ಈಜಿಪ್ಟಿನಲ್ಲಿ ಪಪೈರಸ್ ಮೇಲೆ ಈಗಲೂ ಸಿಕ್ಕಿವೆ. ಮನಸ್ಸಿನಲ್ಲಿ ಯೇಸು, ಕಡತದಲ್ಲಿ ಎಲ್ಲ ಸರಿ ಇದೆ ಅನ್ನುವ ಚೀಟಿ. ಆ ಚೀಟಿಯವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ, ನನ್ನ ಹತ್ತಿರವೂ ಅಂಥ ಒಂದೆರಡು ಇವೆ. ಎಂಟು ವರ್ಷ ಕಳೆದು, 258ರಲ್ಲಿ ಮತ್ತೆ ಹುಡುಕಿಕೊಂಡು ಬಂದಾಗ ಸಿಪ್ರಿಯಾನ ತಪ್ಪಿಸಿಕೊಂಡು ಹೋಗಲಿಲ್ಲ. ತಲೆ ಕಡಿದರು. ಒಂದು ಸಲ ಅಡಗಿದವನಿಗೆ ಇನ್ನೊಂದು ಅವಕಾಶ ಇದೆ ಅಂತ ಇದನ್ನು ಸೋತುಬಂದವರಿಗೆ ಹೇಳುತ್ತಿರುತ್ತೇನೆ.

ಆದರೆ ರಕ್ತಸಾಕ್ಷಿಗಳ ಕಥೆ ಜಾಸ್ತಿ ಹೇಳುವುದರಲ್ಲಿ ಒಂದು ಅಪಾಯ ಇದೆ. ಬೆಲೆ ಅಂದರೆ ಅದೊಂದೇ ಅಂತ ಆಗಿಬಿಡುತ್ತದೆ. ಲೂಕನೊಬ್ಬನೇ ಶಿಲುಬೆಯ ಮಾತಿಗೆ "ದಿನಾಲೂ" ಅಂತ ಸೇರಿಸಿದ್ದಾನೆ. ಮರಣದ ಶಿಲುಬೆಯನ್ನು ದಿನಾಲೂ ಹೊರುವುದು ಹೇಗೆ? ಡೀಟ್ರಿಚ್ ಬಾನ್‌ಹಾಫರ್ ಹೆಸರು ಕೇಳಿದ್ದೀರಿ, ಹಿಟ್ಲರನನ್ನು ಎದುರಿಸಿ 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬುರ್ಗ್ ಶಿಬಿರದಲ್ಲಿ ಗಲ್ಲಿಗೇರಿದ ಜರ್ಮನ್ ಬೋಧಕ. 1939ರಲ್ಲಿ ನ್ಯೂಯಾರ್ಕ್ ತಲುಪಿ ಸುರಕ್ಷಿತವಾಗಿದ್ದವನು ಕೆಲವೇ ವಾರದಲ್ಲಿ ಜರ್ಮನಿಗೆ ವಾಪಸ್ ಹೋದ, ಅದೂ ನಿಮಗೆ ಗೊತ್ತಿರಬಹುದು. ಗಲ್ಲಿನ ಕಥೆ ಎಲ್ಲರೂ ಹೇಳುತ್ತಾರೆ. ಅದಕ್ಕೆ ಸುಮಾರು ಹತ್ತು ವರ್ಷ ಮುಂಚೆ ಫಿಂಕೆನ್‌ವಾಲ್ಡೆ ಅನ್ನುವ ಕಡೆ ಅವನು ಬೋಧಕರಾಗುವವರಿಗೆ ಒಂದು ಸಣ್ಣ ಶಾಲೆ ನಡೆಸುತ್ತಿದ್ದ. 1937ರಲ್ಲಿ ಹಿಟ್ಲರನ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಬಂದು ಮುಚ್ಚಿಸಿತು. ಆ ಶಾಲೆಯಲ್ಲಿ ಒಂದು ನಿಯಮ ಇತ್ತು: ಎದುರಿಗಿಲ್ಲದ ಸಹೋದರನ ಬಗ್ಗೆ ಮಾತಾಡಬಾರದು. ಬಾಯಿ ತಪ್ಪಿ ಮಾತಾಡಿದರೆ, ಹೋಗಿ ಅವನಿಗೇ ಹೇಳಬೇಕು.

ಒಂದು ವಾರ ಮಾಡಿ ನೋಡಿ. ಸುಮ್ನೆ ಒಂದೇ ವಾರ. ನಾನು ಮೊದಲ ದಿನ ಮಧ್ಯಾಹ್ನದ ಹೊತ್ತಿಗೇ ಸೋತೆ, ಅದೂ ಸಭೆಯ ಕಮಿಟಿಯ ಒಬ್ಬರ ಬಗ್ಗೆ ಇನ್ನೊಬ್ಬರ ಜೊತೆ ಫೋನಿನಲ್ಲಿ. ಆಮೇಲೆ ಅವರಿಗೆ ಫೋನ್ ಮಾಡಿ "ನಿಮ್ಮ ಬಗ್ಗೆ ಹೀಗೆ ಮಾತಾಡಿಬಿಟ್ಟೆ" ಅನ್ನುವುದಿದೆಯಲ್ಲ, ಬೆವರು ಬಂತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ನಿಮ್ಮ ಬಗ್ಗೆ ಆಡಿದ್ದೇನೆ, ಬಿಡಿ" ಅಂದರು. ಈ ಬೆಲೆಗೆ ಯಾರೂ ಹಾರ ಹಾಕುವುದಿಲ್ಲ, ಸಾಕ್ಷಿ ಹೇಳಲು ವೇದಿಕೆಯೂ ಸಿಗುವುದಿಲ್ಲ. ಬಿಲ್ಲು ಮಾತ್ರ ಪೂರ್ತಿ ನನ್ನ ಹೆಸರಿಗೇ ಬಂತು.

ಈಚೆಗೆ ನಾಲ್ಕನೇ ವಾರದ ಹಾಳೆಯಲ್ಲಿ ನಡುವೆ ಒಂದು ಗೆರೆ ಎಳೆದು ಕೊಡುತ್ತೇನೆ. ಎಡಗಡೆ, ಏನು ನಷ್ಟ. ಬಲಗಡೆ, ಅದನ್ನು ತೆರುವವರು ಯಾರು. ಹೆಸರು ಬರೆಯಬೇಕು. ದಿನಾ ಸಂಜೆ ಪ್ರಾರ್ಥನಾ ಕೂಟಕ್ಕೆ ಹೋಗುತ್ತೇನೆ ಅಂತ ಎಡಗಡೆ ದಪ್ಪಕ್ಷರದಲ್ಲಿ ಬರೆದ ಒಬ್ಬ ಹುಡುಗ ಬಲಗಡೆ ತುಂಬಾ ಹೊತ್ತು ಯೋಚಿಸಿ, "ಅಮ್ಮ (ಅಜ್ಜಿಯನ್ನು ಎತ್ತಿ ಕೂರಿಸಲು ಒಬ್ಬಳೇ)" ಅಂತ ಸಣ್ಣಗೆ ಬರೆದಿದ್ದ. ಆಮೇಲೆ ದಿನಾ ಅನ್ನುವುದನ್ನು ಹೊಡೆದು ಹಾಕಿ ವಾರಕ್ಕೆರಡು ಅಂತ ಮಾಡಿದ್ದ. ನಾನೂ ಒಂದು ಹಾಳೆ ತುಂಬುತ್ತೇನೆ. ಒಂದು ಸಾಲಿನ ಬಲಗಡೆ ಪ್ರತಿ ಸಲವೂ ನನ್ನ ತಂಗಿಯ ಹೆಸರೇ ಬರುತ್ತದೆ.

ಎರಡು ಪುಸ್ತಕದವರ ವಿಷಯ. ಅಣ್ಣನ ಹತ್ತಿರ ಹೋಗುವ ಮುಂಚೆ ಹೆಂಡತಿಗೆ ಹೇಳಿ ಅಂದೆ, ಯಾಕೆಂದರೆ ವಾಪಸ್ ಕೊಡಬೇಕಾದ ದುಡ್ಡು ಅವರ ಮನೆಯಿಂದಲೂ ಹೋಗುತ್ತದೆ, ಅವರನ್ನು ಕೇಳದೆ ಈ ದೊಡ್ಡತನ ಬೇಡ. ಹೇಳಿದರು. ಆ ತಾಯಿ, "ನನಗೆ ಗೊತ್ತಿತ್ತು. ನೀವು ಯಾವಾಗ ಬಾಯಿ ಬಿಡ್ತೀರಿ ಅಂತ ನೋಡ್ತಿದ್ದೆ" ಅಂದರಂತೆ. ಆಮೇಲೆ ಎರಡೂ ಪುಸ್ತಕ ತೆಗೆದುಕೊಂಡು ಅಣ್ಣನ ಮುಂದೆ ಇಟ್ಟರು. ಅಣ್ಣ ಕೂಗಾಡಲಿಲ್ಲ. ಪುಟ ತಿರುವಿ, ಕೂಡಿಸಿ, ಒಂದು ಮೊತ್ತ ಬರೆದು ಕೊಟ್ಟು, ಪಾಲು ಬೇರೆ ಮಾಡಿಕೊಳ್ಳೋಣ ಅಂದರಂತೆ. ದುಡ್ಡು ತಿಂಗಳು ತಿಂಗಳು ಕಂತಿನಲ್ಲಿ ಹೋಯಿತು. ಅಣ್ಣ ಪ್ರತಿ ಸಲ ತೆಗೆದುಕೊಂಡರು, ರಸೀದಿಯನ್ನೂ ಕಳಿಸಿದರು. ಮಾತು ಮಾತ್ರ ಆಡಲಿಲ್ಲ.

ದೀಕ್ಷಾಸ್ನಾನ ಆಗಿ ತುಂಬಾ ದಿನ ಆದ ಮೇಲೆ ಒಂದು ಸಂಜೆ ಲೂಕ 19 ಓದುತ್ತಿದ್ದೆವು. ಸುಂಕದವನಾದ ಜಕ್ಕಾಯ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅನ್ನುವ ಜಾಗ. ಅಷ್ಟು ಹೊತ್ತು ಸುಮ್ಮನಿದ್ದವರು ಕೇಳಿದರು, "ಅಯ್ಯನವರೇ, ದುಡ್ಡು ವಾಪಸ್ ಸಿಕ್ಕವರು ಆಮೇಲೆ ಜಕ್ಕಾಯನನ್ನ ಮಾತಾಡಿಸಿದ್ರಾ?"

ಅದು ಬರೆದಿಲ್ಲ ಅಂದೆ.

ಹೌದಾ ಅಂತ ತಲೆ ಆಡಿಸಿದರು. ಪ್ರಾರ್ಥನೆ ಮುಗಿದ ಮೇಲೆ ಎಂದಿನ ಹಾಗೆ ಕುರ್ಚಿಗಳನ್ನು ಮಡಿಸಿ ಗೋಡೆಗೆ ಒರಗಿಸಿಟ್ಟು, ಲೈಟ್ ಆರಿಸಿ ಹೋದರು. ಆ ತಿಂಗಳ ಕಂತು ಕಟ್ಟುವ ದಿನ ಮರುದಿನವೇ ಇತ್ತು.